ಮಳೆಗಾಲದ ಡ್ರೈಯರ್ ಮತ್ತು ಬಚ್ಚಲೊಲೆಯ ಶಿಸ್ತು

ಜೂನ್ ಎರಡನೇ ವಾರ ದಾಟಿತು ಅಂದರೆ ಕಾರವಾರದಲ್ಲಿ ಬಟ್ಟೆ ಒಣಗುವುದಿಲ್ಲ. ನಮ್ಮ ಕರಾವಳಿಗೆ ವರ್ಷಕ್ಕೆ 3000 ಮಿ.ಮೀ.ಗೂ ಜಾಸ್ತಿ ಮಳೆ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನಾಲ್ಕೇ ತಿಂಗಳಲ್ಲಿ ಸುರಿದುಬಿಡುತ್ತದೆ. ಆರಿದ್ರಾ ಹಿಡಿದರೆ ಪುನರ್ವಸು, ಪುಷ್ಯ ಮುಗಿಯುವ ತನಕ ಗಾಳಿಯೇ ಒದ್ದೆ. ಫ್ಯಾನ್ ಕೆಳಗೆ ಹಾಕಿದ ಜೀನ್ಸ್ ಮೂರನೇ ದಿನವೂ ಸೊಂಟದ ಪಟ್ಟಿಯ ಹತ್ತಿರ ತಣ್ಣಗೇ ಇರುತ್ತದೆ. ನಾನು ಶಾಲೆಯಲ್ಲಿ ಪಾಠ ಮಾಡುವವಳು. ಜುಲೈ ತಿಂಗಳಲ್ಲಿ ಕ್ಲಾಸಿನೊಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಯೂನಿಫಾರಂನ ಮುಗ್ಗಲು ವಾಸನೆ. ಪಾಪ, ಆ ಮಕ್ಕಳ ತಾಯಂದಿರು ತೊಳೆಯದೆ ಕಳಿಸಿದ್ದಲ್ಲ. ತೊಳೆದದ್ದು ಒಣಗಲಿಲ್ಲ, ಅಷ್ಟೇ.

ಹಾಗಾಗಿ ಈಗೀಗ ನಮ್ಮ ಕಡೆ ಬಟ್ಟೆ ಒಣಗಿಸುವ ಡ್ರೈಯರ್ ತರುವವರು ಜಾಸ್ತಿಯಾಗಿದ್ದಾರೆ. ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮಶಿನ್‌ನ ಹಿಂಡುವ ತೊಟ್ಟಿಗೂ ಡ್ರೈಯರ್ ಅನ್ನುತ್ತಾರೆ. ನಾನು ಹೇಳುತ್ತಿರುವುದು ಬಿಸಿಗಾಳಿಯಲ್ಲಿ ಒಣಗಿಸುವ ಬೇರೆ ಯಂತ್ರದ ವಿಷಯ. ಅದನ್ನು ಶೋಕಿ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮನೆಯಲ್ಲಿ ಚಿಕ್ಕ ಮಗು ಇದ್ದರೆ, ಹಾಸಿಗೆ ಹಿಡಿದ ಹಿರಿಯರಿದ್ದರೆ, ಉಬ್ಬಸದ ತೊಂದರೆ ಇರುವವರಿದ್ದರೆ, ಈ ಊರಿನ ಮಳೆಗಾಲದಲ್ಲಿ ಅದು ಬೇಕಾದ ವಸ್ತುವೇ. ನನ್ನ ಚಿಂತೆ ಬೇರೆ. ತಂದು ಮೂಲೆಯಲ್ಲಿಟ್ಟು, ಬಟನ್ ಒತ್ತಿ, ಮರೆತುಬಿಡುತ್ತೇವೆ. ಆದರೆ ಅದರ ಹೊಟ್ಟೆಯಲ್ಲಿ ಇರುವುದು ಕೆಂಡದಂತೆ ಬಿಸಿಯಾಗುವ ತಂತಿಯ ಸುರುಳಿ, ಪಕ್ಕದಲ್ಲೇ ಹತ್ತಿಯ ಧೂಳು. ಬೆಂಕಿಯ ಜೊತೆ ಹೇಗಿರಬೇಕು ಅಂತ ನಮ್ಮ ಮನೆಗಳಿಗೆ ಗೊತ್ತಿಲ್ಲದ್ದೇನಲ್ಲ.

ನನ್ನ ತವರು ಶಿರಸಿ ಕಡೆ. ಅಲ್ಲಿ ಮಳೆಗಾಲದ ಬಟ್ಟೆ ಒಣಗುತ್ತಿದ್ದದ್ದು ಬಚ್ಚಲೊಲೆಯ ಮೇಲೆ. ದಿನವಿಡೀ ನೀರು ಕಾಯಿಸುವ ಒಲೆ. ಅದರ ಮೇಲೆ ಅಡ್ಡಕ್ಕೆ ಬಿದಿರಿನ ಗಳ. ಮಗುವಿನ ಬಟ್ಟೆಗೆ ಮಾತ್ರ ಬೇರೆ ವ್ಯವಸ್ಥೆ, ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಅದರ ಮೇಲೆ ಹರಡುವುದು. ಆಯಿಗೆ ಇದರಲ್ಲಿ ಖಡಕ್ ನಿಯಮಗಳಿದ್ದವು. ಚೆನ್ನಾಗಿ ಹಿಂಡದ ಬಟ್ಟೆ ಗಳದ ಮೇಲೆ ಬರುವ ಹಾಗಿಲ್ಲ. ಸೆರಗು, ದಾರ, ಲಾಡಿ ಯಾವುದೂ ಕೆಳಗೆ ಜೋತಾಡುವ ಹಾಗಿಲ್ಲ. ಎಣ್ಣೆ ಹಿಡಿದ ಮಸಿಅರಿವೆ ಆ ಕಡೆ ಸುಳಿಯುವ ಹಾಗೇ ಇಲ್ಲ. ರಾತ್ರಿ ಮಲಗುವ ಮುಂಚೆ ಎಲ್ಲ ಬಟ್ಟೆಯನ್ನೂ ಗಳದ ಒಂದು ತುದಿಗೆ ಸರಿಸಿ, ಕೆಂಡದ ಮೇಲೆ ಬೂದಿ ಎಳೆದೇ ಅವಳು ಒಳಗೆ ಬರುತ್ತಿದ್ದದ್ದು. ಮನೆಯಲ್ಲಿ ಯಾರೂ ಇಲ್ಲದಾಗ ಬಟ್ಟೆ ಒಲೆಯ ಮೇಲೆ ಇರುತ್ತಿರಲಿಲ್ಲ.

ಬೇರೆ ದೇಶದವರದ್ದೂ ಇದೇ ಕತೆ. 1800ರ ಸುಮಾರಿಗೆ ಫ್ರಾನ್ಸ್‌ನಲ್ಲಿ ಪೋಶೋನ್ ಎಂಬಾತ ತೂತಿರುವ ಲೋಹದ ಪೀಪಾಯಿಗೆ ಹಿಡಿ ಕೂರಿಸಿ, ಬೆಂಕಿಯ ಮೇಲೆ ಕೈಯಲ್ಲೇ ತಿರುಗಿಸಿ ಬಟ್ಟೆ ಒಣಗಿಸುವ ಸಾಧನ ಮಾಡಿದ್ದ. 1892ರಲ್ಲಿ ಅಮೆರಿಕದ ಓಹಾಯೋದ ಜಾರ್ಜ್ ಸ್ಯಾಂಪ್ಸನ್ ಪೇಟೆಂಟ್ ಪಡೆದದ್ದು ಒಲೆಯ ಬಿಸಿಗೆ ಬಟ್ಟೆ ಹರಡುವ ಚೌಕಟ್ಟಿಗೆ. ಆಮೇಲೆ ನಾರ್ತ್ ಡಕೋಟಾದ ಚಳಿಯಲ್ಲಿ ಒದ್ದೆ ಬಟ್ಟೆ ಹರವಿ ಬೇಸತ್ತ ರಾಸ್ ಮೂರ್ ವಿದ್ಯುತ್ ಡ್ರೈಯರ್‌ನ ವಿನ್ಯಾಸ ಮಾಡಿದ. 1938ರ ಹೊತ್ತಿಗೆ ಅದು ಅಂಗಡಿಗೆ ಬಂತು. ಅವರಿಗೆ ಹಿಮ, ನಮಗೆ ಮಳೆ. ಒಲೆಯನ್ನೇ ಡಬ್ಬಿಯೊಳಗೆ ಕೂರಿಸಿ ಮೇಲೊಂದು ಬಾಗಿಲು ಹಾಕಿದ್ದಾರೆ.

ಒಳಗೆ ಆಗುವುದು ಇಷ್ಟೇ. ಒಂದು ಫ್ಯಾನ್ ಕೋಣೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೀಟರ್ ಅದನ್ನು ಬಿಸಿ ಮಾಡುತ್ತದೆ. ಬಿಸಿಗಾಳಿ ತಿರುಗುವ ಡ್ರಮ್ಮಿನಲ್ಲಿ ಬಟ್ಟೆಯ ನೀರನ್ನು ಹೀರಿಕೊಂಡು, ಜಾಲರಿಯ ಫಿಲ್ಟರ್ ದಾಟಿ, ಪೈಪಿನ ಮೂಲಕ ಹೊರಗೆ ಹೋಗುತ್ತದೆ. ಕಂಡೆನ್ಸರ್ ಮಾದರಿಯಲ್ಲಿ ಪೈಪ್ ಇಲ್ಲ. ಆವಿ ಒಳಗೇ ತಣಿದು ನೀರಾಗಿ ತೊಟ್ಟಿಗೆ ಬೀಳುತ್ತದೆ. ಹೀಟ್ ಪಂಪ್ ಮಾದರಿ ಅದೇ ಬಿಸಿಯನ್ನು ಮತ್ತೆ ಮತ್ತೆ ಬಳಸುತ್ತದೆ. ಯಾವುದೇ ಇರಲಿ, ಗಾಳಿ ಸಲೀಸಾಗಿ ಓಡಾಡಬೇಕು. ಗಾಳಿ ನಿಂತರೆ ಒಂದು ಕಡೆ ಬಿಲ್ ಏರುತ್ತದೆ, ಇನ್ನೊಂದು ಕಡೆ ಬಿಸಿ ಏರುತ್ತದೆ. ದುಡ್ಡು ಉಳಿಸುವುದು, ಮನೆ ಉಳಿಸುವುದು ಇಲ್ಲಿ ಎರಡು ಬೇರೆ ಕೆಲಸ ಅಲ್ಲ.

ಕಳೆದ ಮಳೆಗಾಲ ಶಿರಸಿಯಲ್ಲಿ ತಂಗಿಯ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಗಂಟೆಯೊಳಗೆ ಮುಗಿಯುತ್ತಿದ್ದ ಬಟ್ಟೆ ಎರಡು ಗಂಟೆ ಹೊಡೆದರೂ ಹಸಿ. ಹೀಟರ್ ಹೋಯಿತು, ಸಾವಿರಾರು ರೂಪಾಯಿ ಖರ್ಚು ಅಂತಲೇ ಅವಳು ಹೆದರಿದ್ದಳು. ಇಲೆಕ್ಟ್ರಿಷನ್ ಬಂದ. ಅಂಕೋಲಾ ಕಡೆಯ ಹುಡುಗ. ಮಶಿನ್ ಮುಂದಕ್ಕೆಳೆದು ಹಿಂದೆ ಇಣುಕಿ, "ಹೀಟರ್ ಸಮಾ ಅದೆ ಅಕ್ಕಾ. ಗಾಳಿ ಹೋಗೂಕೆ ದಾರಿನೇ ಇಲ್ಲ" ಅಂದ.

ಹಿಂದಿದ್ದದ್ದು ತೆಳ್ಳನೆಯ ಬೆಳ್ಳಿ ಬಣ್ಣದ ಸುರುಳಿ ಪೈಪು. ಕಿಟಕಿ ತನಕ ಎರಡು ಕಡೆ ಬಾಗಿ, ನಡುವೆ ಜೋತು ಬಿದ್ದಿತ್ತು. ಜೋತ ಜಾಗದಲ್ಲಿ ಆವಿ ತಣಿದು ನೀರು ನಿಂತಿತ್ತು. ಆ ನೀರಿಗೆ ಬಟ್ಟೆಯ ನವಿರು ಧೂಳು ಅಂಟಿ, ಕಂಬಳಿಯಷ್ಟು ದಪ್ಪಕ್ಕೆ ಹೆಪ್ಪುಗಟ್ಟಿತ್ತು. ಅವನು ಕೈ ಹಾಕಿ ಎಳೆದಾಗ ಅದು ಪದರ ಪದರವಾಗಿ ಬಂತು. ಒಂದು ಪದರ ಯೂನಿಫಾರಂನ ನೀಲಿ. ಒಂದು ಕೆಂಪು, ಹೊಸ ಟವೆಲ್ ತಂದ ವಾರದ್ದು. ಉಳಿದದ್ದೆಲ್ಲ ಬೂದಿ ಬಣ್ಣ. ಆಮೇಲೆ ಹೊರಗೆ ಹೋಗಿ ಗೋಡೆಯ ಮೇಲಿನ ಮುಚ್ಚಳ ನೋಡಿದೆವು. ಗಾಳಿ ಬಂದಾಗ ತಾನೇ ಏಳಬೇಕಾದ ಪ್ಲಾಸ್ಟಿಕ್ ರೆಕ್ಕೆ ಅದು. ಅದರ ಕೀಲಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ರೆಕ್ಕೆ ಒಂದು ಬೆರಳಿನಷ್ಟೇ ತೆರೆಯುತ್ತಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ಎರಡು ಏಟು ಕೊಟ್ಟ, ಗೂಡು ಉದುರಿತು. 4 ಇಂಚಿನ ಗಟ್ಟಿ ಅಲ್ಯೂಮಿನಿಯಂ ಪೈಪ್ ತಂದು, ಬಾಗುಗಳನ್ನು ತೆಗೆದು, ಆದಷ್ಟು ನೇರವಾಗಿ ಹೊರಗೆ ಬಿಟ್ಟ. ಅವತ್ತು ಸಂಜೆಯೇ ಬಟ್ಟೆ ಗಂಟೆಯೊಳಗೆ ಗರಿಗರಿ.

ಪ್ಲಾಸ್ಟಿಕ್ ಪೈಪಾಗಲಿ, ಮಿಠಾಯಿ ಕಾಗದದಂತಹ ತೆಳು ಫಾಯಿಲ್ ಪೈಪಾಗಲಿ ಬೇಡವೇ ಬೇಡ ಅಂತ ನಾನು ಹೇಳುವುದು ಅದಕ್ಕೇ. ಅದು ಜೋಲುತ್ತದೆ, ಮಡಿಚಿಕೊಳ್ಳುತ್ತದೆ, ಸುರುಳಿಯ ಒಂದೊಂದು ಗೆರೆಯಲ್ಲೂ ಧೂಳು ಕೂರುತ್ತದೆ, ಬೆಂಕಿ ತಗುಲಿದರೆ ತಡೆಯುವುದೂ ಇಲ್ಲ. ಗಟ್ಟಿ ಲೋಹದ ಪೈಪ್ ಬೇಕು. ಉದ್ದ ಕಡಿಮೆ ಇದ್ದಷ್ಟೂ ಒಳ್ಳೆಯದು, ಬಾಗು ಕಡಿಮೆ ಇದ್ದಷ್ಟೂ ಒಳ್ಳೆಯದು. ವರ್ಷಕ್ಕೆ ಒಂದು ಸಲವಾದರೂ ಬಿಚ್ಚಿ ಪೂರ್ತಿ ಸ್ವಚ್ಛ ಮಾಡಬೇಕು. ಹಲ್ಲಿ, ಇಲಿ ಬಾರದಿರಲಿ ಅಂತ ಹೊರಗಿನ ಬಾಯಿಗೆ ಸೊಳ್ಳೆ ಜಾಲರಿ ಬಡಿಯುವವರಿದ್ದಾರೆ. ಅದು ತಪ್ಪು. ಆ ಜಾಲರಿಯಲ್ಲೇ ಧೂಳು ಸಿಕ್ಕಿ ಬಾಯಿ ಮುಚ್ಚುತ್ತದೆ. ರೆಕ್ಕೆ ಸರಿಯಾಗಿ ಮುಚ್ಚಿಕೊಂಡರೆ ಸಾಕು. ಮಶಿನ್ ಓಡುವಾಗ ಹೊರಗೆ ಹೋಗಿ ಅಂಗೈ ಹಿಡಿದು ನೋಡಿ. ಗಾಳಿ ಜೋರಾಗಿ, ಬಿಸಿಯಾಗಿ ಬಡಿಯಬೇಕು. ಸಪ್ಪೆಯಾಗಿ ಬಂದರೆ ಒಳಗೆಲ್ಲೋ ಕಟ್ಟಿದೆ ಅಂತಲೇ ಅರ್ಥ.

ಪೈಪನ್ನು ಹೊರಗೇ ಬಿಡದೆ ಕೋಣೆಯಲ್ಲಿ ಬಿಟ್ಟುಕೊಂಡ ಮನೆಗಳನ್ನೂ ಕಂಡಿದ್ದೇನೆ. ಗೋಡೆ ಕೊರೆಯಲು ಮನಸ್ಸಿಲ್ಲ, ಬಾಡಿಗೆ ಮನೆ, ಹೀಗೆ ಕಾರಣಗಳಿರುತ್ತವೆ. ಆದರೆ ಬಟ್ಟೆಯಿಂದ ಬಿಟ್ಟ ಮೂರು ಲೀಟರ್ ನೀರು ಗೋಡೆಗೇ ಹೋಗಿ ಕೂರುತ್ತದೆ. ಮೊದಲೇ ಬೂಷ್ಟು ಹಿಡಿಯುವ ಊರು ನಮ್ಮದು. ಮಶಿನ್ ಕೂಡ ತಾನು ಬಿಟ್ಟ ಒದ್ದೆ ಗಾಳಿಯನ್ನೇ ಮತ್ತೆ ಎಳೆದುಕೊಂಡು ಒದ್ದಾಡುತ್ತದೆ. ಗೋಡೆ ಕೊರೆಯಲು ಆಗದಿದ್ದರೆ ಕಂಡೆನ್ಸರ್ ಅಥವಾ ಹೀಟ್ ಪಂಪ್ ಮಾದರಿ ತೆಗೆದುಕೊಳ್ಳುವುದೇ ಸರಿ.

ಇನ್ನು ಬಾಗಿಲ ಬುಡದ ಫಿಲ್ಟರ್. ಪ್ರತಿ ಸಲ ಬಟ್ಟೆ ತೆಗೆದ ಕೂಡಲೇ ಅದನ್ನು ಎಳೆದು, ಮೇಲಿನ ಧೂಳಿನ ಹಾಳೆಯನ್ನು ಬೆರಳಿಂದ ಸುತ್ತಿ ತೆಗೆಯಬೇಕು. ಪ್ರತಿ ಸಲ ಅಂದರೆ ಪ್ರತಿ ಸಲ. ಅರ್ಧ ನಿಮಿಷದ ಕೆಲಸ. ಇಷ್ಟು ಮಾಡುವವರೂ ಒಂದು ಮಾತು ಮರೆಯುತ್ತಾರೆ. ಬಟ್ಟೆ ಮೆತ್ತಗಾಗಲಿ ಅಂತ ಹಾಕುವ ಕಂಡೀಷನರ್ ಕಣ್ಣಿಗೆ ಕಾಣದ ಪೊರೆಯಾಗಿ ಜಾಲರಿಗೆ ಅಂಟುತ್ತದೆ. ಜಾಲರಿ ಸ್ವಚ್ಛವಾಗಿಯೇ ಕಾಣುತ್ತದೆ, ಗಾಳಿ ಮಾತ್ರ ದಾಟುವುದಿಲ್ಲ. ಗೊತ್ತಾಗಬೇಕಾದರೆ ನಲ್ಲಿಯ ಕೆಳಗೆ ಹಿಡಿಯಿರಿ. ನೀರು ಸರ್ರನೆ ಇಳಿದರೆ ಸರಿ. ಮೇಲೇ ನಿಂತರೆ ಪೊರೆ ಕಟ್ಟಿದೆ. ಬಿಸಿನೀರು, ಸ್ವಲ್ಪ ಸಾಬೂನು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಪೂರ್ತಿ ಒಣಗಿದ ಮೇಲೇ ವಾಪಸ್ ಹಾಕಿ. ಡ್ರಮ್ಮಿನೊಳಗೆ ಎರಡು ಲೋಹದ ಪಟ್ಟಿಗಳಿದ್ದರೆ ಅವನ್ನೂ ಒರೆಸಿ. ಬಟ್ಟೆ ಒಣಗಿತೋ ಇಲ್ಲವೋ ಅಂತ ಅಳೆಯುವ ಸೆನ್ಸರ್ ಅದು. ಅದರ ಮೇಲೂ ಇದೇ ಪೊರೆ ಕೂತು, ಮಶಿನ್ ಲೆಕ್ಕ ತಪ್ಪುತ್ತದೆ.

ಈ ಧೂಳು ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಅನ್ನುವುದು ದೀಪದ ಬತ್ತಿ ಹೊಸೆದವರಿಗೆ ಹೇಳಬೇಕಾಗಿಲ್ಲ. ಅದೂ ಹತ್ತಿಯೇ ತಾನೇ. ಅಮೆರಿಕದಲ್ಲಿ ಬಹುಪಾಲು ಮನೆಗಳಲ್ಲಿ ಡ್ರೈಯರ್ ಇರುವುದರಿಂದ ಅಲ್ಲಿ ಲೆಕ್ಕ ಸಿಗುತ್ತದೆ. 2008ರಿಂದ 2010ರ ಅವಧಿಯಲ್ಲಿ ವರ್ಷಕ್ಕೆ ಸುಮಾರು 2,900 ಮನೆಗಳಲ್ಲಿ ಡ್ರೈಯರ್‌ನಿಂದ ಬೆಂಕಿ ಬಿದ್ದಿತ್ತು ಅಂತ ಅಲ್ಲಿನ ಅಗ್ನಿಶಾಮಕ ಆಡಳಿತದ ಅಂದಾಜು. ವರ್ಷಕ್ಕೆ 5 ಸಾವು, 100 ಜನರಿಗೆ ಗಾಯ. ಕಾರಣಗಳಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು, ಮೂರರಲ್ಲಿ ಒಂದು ಪಾಲು, ಸ್ವಚ್ಛ ಮಾಡದೇ ಬಿಟ್ಟದ್ದು. 2016ರ ಆಗಸ್ಟ್‌ನಲ್ಲಿ ಲಂಡನ್ನಿನ ಶೆಫರ್ಡ್ಸ್ ಬುಷ್‌ನಲ್ಲಿ 18 ಮಹಡಿಯ ಕಟ್ಟಡಕ್ಕೆ ಬೆಂಕಿ ಬಿದ್ದದ್ದೂ ಒಂದು ಡ್ರೈಯರ್‌ನಿಂದಲೇ. ಅಲ್ಲಿ ಯಂತ್ರದಲ್ಲೇ ದೋಷ ಇತ್ತು. ಮನೆಯವರು ಒಳಗಿದ್ದರು, ಎಚ್ಚರವಿದ್ದರು, ಹಾಗಾಗಿ ಹೊರಗೆ ಓಡಿ ಬಂದರು. ಮಲಗುವಾಗ, ಹೊರಗೆ ಹೋಗುವಾಗ ಡ್ರೈಯರ್ ಹಾಕಿಡಬೇಡಿ ಅಂತ ಲಂಡನ್ನಿನ ಅಗ್ನಿಶಾಮಕ ದಳ ಜನರಿಗೆ ಹೇಳುತ್ತಲೇ ಇದೆ. ಆಯಿ ಬೂದಿ ಎಳೆದು ಬರುತ್ತಿದ್ದದ್ದೂ ಇದೇ ಕಾರಣಕ್ಕೆ.

ಆದರೆ ನಮ್ಮ ಜಿಲ್ಲೆಗೇ ಬೇಕಾದ ಒಂದು ವಿಷಯ ಇದೆ. ಕರೆಂಟ್ ಹೋಗುವುದು. ಡ್ರೈಯರ್ ತನ್ನ ಕೊನೆಯ ಕೆಲವು ನಿಮಿಷ ಹೀಟರ್ ಆರಿಸಿ ಬರೀ ತಣ್ಣನೆ ಗಾಳಿ ಬಿಡುತ್ತದೆ, ಬಟ್ಟೆಯ ಬಿಸಿ ಇಳಿಯಲಿ ಅಂತ. ನಮ್ಮಲ್ಲಿ ಮರ ಬಿದ್ದು, ತಂತಿ ಹರಿದು, ನಡುವೆಯೇ ಕರೆಂಟ್ ಹೋಗುತ್ತದೆ. ಹೋದರೆ ಗಂಟೆಗಟ್ಟಲೆ ಇಲ್ಲ. ಆಗ ಹೀಟರ್ ಕೆಂಡದಂತಿರುತ್ತದೆ, ಫ್ಯಾನ್ ನಿಂತಿರುತ್ತದೆ, ಬಟ್ಟೆ ರಾಶಿಯಾಗಿ ಒಳಗೇ ಬೇಯುತ್ತದೆ. ಕರೆಂಟ್ ಬಂದ ಮೇಲೆ ಮುಂದುವರಿಯುತ್ತದೆ ಅಂತ ಹಾಗೇ ಬಿಡಬೇಡಿ. ಸ್ವಿಚ್ ಆರಿಸಿ, ಪ್ಲಗ್ ಕೀಳಿ, ಬಾಗಿಲು ತೆರೆದು, ಬಟ್ಟೆ ಹೊರಗೆಳೆದು ಒಂದೊಂದಾಗಿ ಹರಡಿ. ನೀವೇ ನಡುವೆ ನಿಲ್ಲಿಸಿದರೂ ಇದೇ ಕ್ರಮ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಹಾಕದೇ ಇರುವುದು ಇನ್ನೂ ಒಳ್ಳೆಯದು.

ಎಣ್ಣೆಯ ವಿಷಯವೂ ಅಷ್ಟೇ ಗಂಭೀರ. ಎಣ್ಣೆ ಹಿಡಿದ ಬಟ್ಟೆ ತೊಳೆದ ಮೇಲೂ ಎಣ್ಣೆ ಪೂರ್ತಿ ಹೋಗಿರುವುದಿಲ್ಲ. ಸೂರ್ಯಕಾಂತಿ, ಅಗಸೆ ಎಣ್ಣೆಯಂಥವು ಬಿಸಿ ತಗುಲಿದಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ತಾವೇ ಇನ್ನಷ್ಟು ಬಿಸಿಯಾಗುತ್ತವೆ. ಬಟ್ಟೆ ಮಡಚಿ ರಾಶಿ ಹಾಕಿದಾಗ ಆ ಬಿಸಿ ಹೊರಗೆ ಹೋಗದೆ, ಗಂಟೆಗಳ ನಂತರ ತಾನಾಗಿ ಹೊತ್ತಿಕೊಂಡದ್ದುಂಟು. ತೆಂಗಿನೆಣ್ಣೆಗೆ ಈ ಗುಣ ಕಡಿಮೆ. ಆದರೂ ಬಾಣಂತಿ ಮನೆಯ ಎಣ್ಣೆ ಟವೆಲ್, ಅಭ್ಯಂಗದ ಪಂಚೆ, ಅಡುಗೆಮನೆಯ ಮಸಿಅರಿವೆ ಇವನ್ನೆಲ್ಲ ಬಿಸಿನೀರಿನಲ್ಲಿ ತೊಳೆದು ಹಗ್ಗದ ಮೇಲೇ ಹಾಕಿ. ಬೋಟಿಗೆ ಹೋಗುವವರ, ಗ್ಯಾರೇಜಿನವರ ಬಟ್ಟೆಯಲ್ಲಿ ಡೀಸೆಲ್, ಪೆಟ್ರೋಲ್ ಇರುತ್ತದೆ. ಅದು ಡ್ರೈಯರ್ ಹತ್ತಿರ ಕೂಡ ಬರಬಾರದು. ಫೋಮ್ ದಿಂಬು, ರಬ್ಬರ್ ತಳದ ಕಾಲೊರಸು, ರೇನ್‌ಕೋಟ್ ಇವೂ ಬೇಡ.

ಈಗ ದುಡ್ಡಿನ ಲೆಕ್ಕ. ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 0.65 ಯೂನಿಟ್ ವಿದ್ಯುತ್ ಬೇಕೇ ಬೇಕು. ಅದು ಪ್ರಕೃತಿಯ ಲೆಕ್ಕ, ಹೀಟರ್ ಇರುವ ಸಾದಾ ಯಂತ್ರ ಅದನ್ನು ತಪ್ಪಿಸಲಾರದು. ಸೋರಿಹೋಗುವ ಬಿಸಿಯನ್ನೂ ಸೇರಿಸಿದರೆ ಲೀಟರಿಗೆ ಒಂದು ಯೂನಿಟ್ ಹತ್ತಿರ ಹತ್ತಿರ. 5 ಕಿಲೋ ಹತ್ತಿ ಬಟ್ಟೆಯನ್ನು ವಾಷಿಂಗ್ ಮಶಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಹಿಂಡಿದರೆ ಸುಮಾರು ಮೂರೂವರೆ ಲೀಟರ್ ನೀರು ಉಳಿಯುತ್ತದೆ. 1400ರಲ್ಲಿ ಹಿಂಡಿದರೆ ಎರಡೂವರೆ. ಹಿಂಡುವುದಕ್ಕೆ ತಗಲುವ ಕರೆಂಟ್ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಬಟ್ಟೆ ತೆಗೆಯುವ ಮುಂಚೆ ಇನ್ನೊಂದು ಸಲ ಸ್ಪಿನ್ ಕೊಡಿ. ಒಣ ಬಟ್ಟೆಯನ್ನು ಒಮ್ಮೆ ತೂಗಿ, ಹಿಂಡಿದ ಮೇಲೆ ಮತ್ತೆ ತೂಗಿ ನೋಡಿದರೆ ಎಷ್ಟು ನೀರಿಗೆ ನೀವು ದುಡ್ಡು ಕೊಡುತ್ತಿದ್ದೀರಿ ಅಂತ ಗೊತ್ತಾಗುತ್ತದೆ.

ಕೊನೆಯ ಚೂರು ತೇವ ತೆಗೆಯುವುದೇ ಯಂತ್ರಕ್ಕೆ ಕಷ್ಟ. ನಾನು ಮುಕ್ಕಾಲು ಒಣಗಿದಾಗ ಬಟ್ಟೆ ತೆಗೆದು ಫ್ಯಾನ್ ಕೆಳಗೆ ಹರವುತ್ತೇನೆ. ಬಿಸಿ ಇರುವುದರಿಂದ ಬೇಗ ಗರಿಯಾಗುತ್ತದೆ, ಇಸ್ತ್ರಿಯೂ ಸುಲಭ. ಟವೆಲ್, ಜೀನ್ಸ್ ಒಂದು ಸಲಕ್ಕೆ. ಷರ್ಟು, ನೈಟಿ ಇನ್ನೊಂದು ಸಲಕ್ಕೆ. ಬೆರೆಸಿದರೆ ತೆಳುವಾದದ್ದು ಸುಮ್ನೆ ಸುಡುತ್ತದೆ, ದಪ್ಪದ್ದು ಹಸಿಯಾಗಿಯೇ ಇರುತ್ತದೆ. ಮಳೆ ಹೊಳವಾದ ದಿನ ಡ್ರೈಯರ್ ಮುಟ್ಟುವುದೇ ಇಲ್ಲ. ಬಿಸಿಲಿಗೆ ಬಿಲ್ ಇಲ್ಲವಲ್ಲ.

ಒಂದು ಸಲಕ್ಕೆ 3 ಯೂನಿಟ್, ದಿನ ಬಿಟ್ಟು ದಿನ ಅಂದರೂ ತಿಂಗಳಿಗೆ 45 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 270 ರೂಪಾಯಿ. ಅದೇನು ದೊಡ್ಡದಲ್ಲ ಅನ್ನಿಸಬಹುದು. ಆದರೆ 2023ರಲ್ಲಿ ಶುರುವಾದ ಗೃಹಜ್ಯೋತಿ ನೆನಪಿಡಿ. ನಮ್ಮ ಹಳೆಯ ಸರಾಸರಿಗಿಂತ ಸ್ವಲ್ಪ ಮೇಲಿನ ತನಕ ಉಚಿತ, ಅದರಾಚೆಯ ಯೂನಿಟ್‌ಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ತಿಂಗಳಿಗೆ 160 ಯೂನಿಟ್ ಉರಿಸುವ ಮನೆಗೆ 45 ಸೇರಿದರೆ 205. ಐದು ಯೂನಿಟ್‌ಗೋಸ್ಕರ ಸಾವಿರದ ಮೇಲೆ ಕಟ್ಟಬೇಕಾಗುತ್ತದೆ. ಕಟ್ಟಿಹೋದ ಪೈಪಿನ ಮಶಿನ್ ಆದರಂತೂ 45ರ ಜಾಗದಲ್ಲಿ 70 ತಿಂದರೂ ಆಶ್ಚರ್ಯ ಇಲ್ಲ. ಹೊಸದಾಗಿ ಕೊಳ್ಳುವವರು ಹೀಟ್ ಪಂಪ್ ಮಾದರಿಯನ್ನು ಒಮ್ಮೆ ನೋಡಲಿ. ಬೆಲೆ ಜಾಸ್ತಿ, ಸಮಯವೂ ಜಾಸ್ತಿ ತೆಗೆದುಕೊಳ್ಳುತ್ತದೆ, ಆದರೆ ಹೆಚ್ಚುಕಡಿಮೆ ಅರ್ಧ ಕರೆಂಟ್‌ನಲ್ಲಿ ಮುಗಿಸುತ್ತದೆ. ಬಿಸಿಯೂ ಅಷ್ಟಿಲ್ಲ, ಹಾಗಾಗಿ ಬಟ್ಟೆಗೂ ಮನೆಗೂ ಕ್ಷೇಮ. ಅದಕ್ಕೂ, ಕಂಡೆನ್ಸರ್‌ಗೂ ನೀರಿನ ತೊಟ್ಟಿ ಪ್ರತಿ ಸಲ ಖಾಲಿ ಮಾಡಬೇಕು. ಒಳಗಿನ ಧೂಳನ್ನು ಕೈಪಿಡಿ ಹೇಳಿದ ಹಾಗೆ ತೆಗೆಯಬೇಕು. ಪೈಪ್ ಇಲ್ಲ ಅಂದಮಾತ್ರಕ್ಕೆ ಧೂಳು ಇಲ್ಲ ಅಂತಲ್ಲ.

ಕರೆಂಟಿನ ಕಡೆಗೂ ಒಂದು ಕಣ್ಣಿರಲಿ. 2000 ವ್ಯಾಟ್‌ಗೂ ಮೇಲೆ ಎಳೆಯುವ ವಸ್ತು ಇದು. ಅದಕ್ಕೇ ಅಂತ ಬೇರೆ 16 ಆಂಪಿಯರ್ ಸಾಕೆಟ್, ತಕ್ಕ ದಪ್ಪದ ತಾಮ್ರದ ವೈರು, ಸರಿಯಾದ ಅರ್ಥಿಂಗ್ ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಬೇಡ, ಇನ್ವರ್ಟರ್ ಲೈನ್ ಬೇಡ. ಒದ್ದೆ ಕೈ, ಒದ್ದೆ ನೆಲದ ಜಾಗ ಅದು. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಇಲ್ಲದಿದ್ದರೆ ಹಾಕಿಸಿಕೊಳ್ಳಿ. ನಮ್ಮ ಸಮುದ್ರದ ಉಪ್ಪುಗಾಳಿಗೆ ಪ್ಲಗ್ಗಿನ ಕಾಲುಗಳು ಕಿಲುಬು ಹಿಡಿಯುತ್ತವೆ. ಕಿಲುಬು ಹಿಡಿದ ಕಡೆ ಬಿಸಿ. ಮಶಿನ್ ಓಡಿದ ಮೇಲೆ ಪ್ಲಗ್ ಕೈ ಸುಡುವಷ್ಟು ಬಿಸಿ ಇದ್ದರೆ, ಅಥವಾ ಸುಟ್ಟ ವಾಸನೆ ಬಂದರೆ, ಅವತ್ತೇ ನಿಲ್ಲಿಸಿ ಇಲೆಕ್ಟ್ರಿಷನ್ ಕರೆಸಿ.

ನವರಾತ್ರಿ ಹೊತ್ತಿಗೆ ಮಳೆ ಇಳಿದ ಮೇಲೆ ನಾನು ಪ್ಲಗ್ ಕಿತ್ತು, ಫಿಲ್ಟರ್ ತೊಳೆದು, ಡ್ರಮ್ ಒರೆಸಿ, ಬಾಗಿಲು ಸ್ವಲ್ಪ ತೆರೆದೇ ಇಡುತ್ತೇನೆ. ಪೈಪ್ ಬಿಚ್ಚುವುದು ಮೇ ತಿಂಗಳಲ್ಲಿ. ಬೇಸಿಗೆಯಲ್ಲಿ ಓಡದೇ ನಿಂತ ಪೈಪಿನಲ್ಲೇ ಹುಳಗಳು ಮನೆ ಮಾಡುವುದು. ಮಳೆ ಹಿಡಿದ ಮೇಲಾದರೆ ರಿಪೇರಿಯವರು ಕೈಗೆ ಸಿಗುವುದಿಲ್ಲ.

ಕಾರವಾರದಲ್ಲಿ, ಕುಮಟಾದಲ್ಲಿ, ಶಿರಸಿಯಲ್ಲಿ ಎಷ್ಟು ಹೊಸ ಮನೆ, ಫ್ಲ್ಯಾಟ್ ಏಳುತ್ತಿವೆ. ಏಸಿಗೆ ಗೋಡೆಯಲ್ಲಿ ಜಾಗ ಬಿಡುತ್ತಾರೆ, ಗೀಸರ್‌ಗೆ ಲೈನ್ ಎಳೆಯುತ್ತಾರೆ. ವರ್ಷದಲ್ಲಿ ನಾಲ್ಕು ತಿಂಗಳು ಬಟ್ಟೆ ಒಣಗದ ಊರಿನಲ್ಲಿ ಡ್ರೈಯರ್‌ಗೆ ಅಂತ ಯಾರೂ ಜಾಗ ಬಿಡುವುದಿಲ್ಲ. ಮನೆ ಕಟ್ಟಿಸುವವರು ಪ್ಲಾಸ್ಟರ್ ಆಗುವ ಮುಂಚೆಯೇ ಮೇಸ್ತ್ರಿಗೆ ಹೇಳಿಬಿಡಿ. ವಾಷಿಂಗ್ ಮಶಿನ್ ಇಡುವ ಜಾಗದಲ್ಲಿ, ಹೊರಗೋಡೆಗೆ ನೇರವಾಗಿ ಒಂದು 4 ಇಂಚಿನ ಪೈಪ್ ಹೋಗುವಷ್ಟು ತೂತು, ಹೊರಕ್ಕೆ ತುಸು ಇಳಿಜಾರು, ಅದರ ಪಕ್ಕದಲ್ಲಿ ಬೇರೆ ಲೈನಿನ ಒಂದು 16 ಆಂಪಿಯರ್ ಸಾಕೆಟ್. ಬೇಡವಾದರೆ ಮುಚ್ಚಳ ಹಾಕಿಟ್ಟರಾಯಿತು.